ದಿನಕ್ಕೊಂದು ನದಿ ದಾಟಿ: ಬೆಳಗಾವಿಯಿಂದ ಕಡಲ ದಂಡೆಗೆ ನಿಧಾನ ಪ್ರವಾಸ

ಬೆಳಗಾವಿಯ ನಮಗೆ ಸಮುದ್ರವೆಂದರೆ ಶನಿವಾರ ಗೋವಾಕ್ಕೆ ಹೋಗಿ ಭಾನುವಾರ ರಾತ್ರಿ ಮರಳುವುದು ಎಂದೇ ಅರ್ಥ. ಕಾರವಾರದಿಂದ ಭಟ್ಕಳದವರೆಗಿನ ಸುಮಾರು 130 ಕಿ.ಮೀ. ದಂಡೆಯನ್ನೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಾಗೆಯೇ ಮೂರು ಗಂಟೆಗಳಲ್ಲಿ ಮುಗಿಸಬಹುದು. ಆದರೆ ಹೆದ್ದಾರಿಯಿಂದ ಬಂಡೆಗಳು ಕಾಣುವುದು ಕಡಿಮೆ. ಅವನ್ನು ನೋಡಲು ಅಡ್ಡರಸ್ತೆ ಹಿಡಿಯಬೇಕು, ಅದಕ್ಕೆ ನಾಲ್ಕು ದಿನ ಬೇಕು.

ಮೊದಲು ಕಾಲವನ್ನು ನಿಗದಿಪಡಿಸಿಕೊಳ್ಳಿ. ನವೆಂಬರ್‌ನಿಂದ ಫೆಬ್ರುವರಿ ಹಿತಕರ. ಮಳೆಗಾಲ ಬೇಡವೇ ಬೇಡ: ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುವುದರಿಂದ ತಾಜಾ ಮೀನಿನ ಆಸೆಯೂ ಅಷ್ಟಾಗಿ ಕೈಗೂಡದು.

ಇಳಿಯುವಾಗ ಖಾನಾಪುರ, ರಾಮನಗರ, ಜೋಯಿಡಾ ದಾಟಿ ಅಣಶಿ ಘಟ್ಟದ ಮೂಲಕ ಕಾರವಾರ ಸೇರಿ. ಮರಳುವಾಗ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಮಾರ್ಗವಾಗಿ ಬನ್ನಿ. ಅಣಶಿಯ ದಾರಿ ದಟ್ಟ ಕಾಡಿನದು. ಬೆಳಿಗ್ಗೆ ಬೇಗ ಹೊರಟು, ಟ್ಯಾಂಕ್ ತುಂಬಿಸಿಕೊಂಡು, ಹೊತ್ತು ಮುಳುಗುವ ಮೊದಲೇ ದಾಟಬೇಕು.

ಇನ್ನು ದಿನಗಳ ಹಂಚಿಕೆ. ಊರುಗಳ ಪಟ್ಟಿ ಮಾಡುವ ಬದಲು ನಕಾಶೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳನ್ನು ಗುರುತಿಸಿ, ದಿನಕ್ಕೆ ಒಂದನ್ನು ಮಾತ್ರ ದಾಟಿ. ಮೊದಲ ದಿನ ಕಾಳಿಯ ಸೇತುವೆಯಾಚೆಗಿನ ಸದಾಶಿವಗಡ. ಮರುದಿನ ಗಂಗಾವಳಿ ದಾಟಿ ಗೋಕರ್ಣ. ಮೂರನೆಯ ದಿನ ಮಿರ್ಜಾನ್ ಕೋಟೆ, ಕುಮಟಾ. ಕೊನೆಗೆ ಹೊನ್ನಾವರ, ಅಪ್ಸರಕೊಂಡ, ಮುರುಡೇಶ್ವರ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಉಬ್ಬರವಿಳಿತ. ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ. ಇಂದಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಕೆ, ಇಳಿಕೆ ಎರಡೂ ಜೋರು. ಕಾರವಾರದ ಉಬ್ಬರವಿಳಿತದ ವೇಳಾಪಟ್ಟಿ ಫೋನಿನಲ್ಲೇ ಸಿಗುತ್ತದೆ. ಬಂಡೆಗಳ ಬಳಿ ಹೋಗುವುದಾದರೆ ನೀರು ಪೂರ್ತಿ ಇಳಿಯುವ ಒಂದೆರಡು ಗಂಟೆ ಮೊದಲೇ ಹೋಗಿ, ಏರತೊಡಗಿದ ಕೂಡಲೇ ಎದ್ದುಬಿಡಿ. ಗೋಕರ್ಣದ ಓಂ ಕಡಲತೀರದಲ್ಲಿ ನಾನು ಏಳಲಿಲ್ಲ. ಒಣಗಿದ್ದ ಸಂದಿನಲ್ಲೇ ದಾಟಿ ಹೊರಬಂಡೆಯ ಮೇಲೆ ಕುಳಿತು ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಮುಗಿಸುವಷ್ಟರಲ್ಲಿ ಅದೇ ಸಂದಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ, ಕಲ್ಲಿಗೆ ಕಚ್ಚಿಕೊಂಡಿದ್ದ ಚಿಪ್ಪುಗಳು ಅಂಗಾಲನ್ನು ಕೊಯ್ದವು. ಹಿಂಬದಿ ಪಟ್ಟಿಯಿರುವ, ಹಿಡಿತವಿರುವ ಸ್ಯಾಂಡಲ್ ಹಾಕಿಕೊಂಡೇ ಬಂಡೆ ಹತ್ತಬೇಕೆಂದು ಅಂದು ತಿಳಿಯಿತು. ಕಪ್ಪಗೆ ಮಿರುಗುವ ಬಂಡೆ ಪಾಚಿಗಟ್ಟಿದ್ದು, ಅಲ್ಲಿ ಸ್ಯಾಂಡಲ್ಲೂ ನಿಲ್ಲದು.

ಬಿಸಿಲು ಸಹಿಸುವವರು ಏಪ್ರಿಲ್‌ನಲ್ಲಿ ಹೋದರೆ ಕುಮಟಾದ ಬಳಿ ಹೆದ್ದಾರಿಯ ಪಕ್ಕದಲ್ಲೇ, ಒಣಗಿದ ದಂಟುಗಳನ್ನು ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಉಳ್ಳಾಗಡ್ಡಿ ಸಿಗುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಬೇಗ ಕೊಳೆಯುತ್ತದೆ. ಜಡೆಯನ್ನು ಬಿಚ್ಚದೆ ಕಾರಿನೊಳಗೆ ತೂಗುಹಾಕಿಕೊಂಡೇ ಘಟ್ಟ ಹತ್ತಿ.