ಎಕ್ಸಿಫ್ ಅಳಿಸಿದ ಮೇಲೆ ಫೋಟೊ ಅಡ್ಡ ಮಲಗಿತೇ?

ಫೋಟೊ ಕಡತದೊಳಗೆ ಫೋನ್ ತಾನೇ ಬರೆದಿಡುವ ಎಕ್ಸಿಫ್ ಮಾಹಿತಿ ಫೋನಿನ ಜಾತಕವನ್ನೇ ಬಿಚ್ಚಿಡುತ್ತದೆ. ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್ ತೆರೆದರೆ ಕಂಪನಿ, ಮಾಡೆಲ್ ಸಿಗುತ್ತವೆ. ‘ಎಸ್‌ಎಂ-ಎಸ್918ಬಿ’ ಎಂದಿದ್ದರೆ ಅದು ಗ್ಯಾಲಕ್ಸಿ ಎಸ್23 ಅಲ್ಟ್ರಾ. ಐಫೋನ್ ಇನ್ನೂ ಬಾಯಿಬಡುಕ. ಈ ಮಾಹಿತಿ ಓದುವ, ಅಳಿಸುವ ತಂತ್ರಾಂಶವಾದ ಎಕ್ಸಿಫ್‌ಟೂಲ್‌ನಲ್ಲಿ ಲೆನ್ಸ್ ಮಾಡೆಲ್ ಸಾಲು ನೋಡಿದರೆ ಐಫೋನ್ 13, ಹಿಂಬದಿ ಕ್ಯಾಮೆರಾ, 5.1 ಎಂಎಂ, ಎಫ್/1.6 ಎಂದು ಪೂರ್ತಿ ಹೇಳಿಬಿಡುತ್ತದೆ. (ಈ ಸಾಲುಗಳನ್ನು ಯಾರು ಬೇಕಾದರೂ ತಿದ್ದಬಹುದು, ಸಾಕ್ಷಿ ಎಂದು ಕಣ್ಣುಮುಚ್ಚಿ ನಂಬಬೇಡಿ.)

ಇದೆಲ್ಲ ಬೇಡವೆಂದು ಎಕ್ಸಿಫ್‌ಟೂಲ್‌ನಲ್ಲಿ ಎಲ್ಲ ಟ್ಯಾಗ್ (ಮಾಹಿತಿಯ ಸಾಲು) ಒಟ್ಟಿಗೆ ಅಳಿಸಿದಾಗ ಉದ್ದುದ್ದ ತೆಗೆದ ಫೋಟೊ ಅಡ್ಡ ಮಲಗಿತು, ಬಣ್ಣವೂ ಮಂಕಾಯಿತು. ಫೋನ್ ಚಿತ್ರವನ್ನು ಅಡ್ಡಲಾಗಿಯೇ ಉಳಿಸಿ, ತಿರುಗಿಸಿ ತೋರಿಸು ಎಂದು ಓರಿಯಂಟೇಶನ್ ಟ್ಯಾಗ್‌ನಲ್ಲಿ 6 ಎಂದು ಬರೆದಿರುತ್ತದೆ, ಅದೂ ಹೋಯಿತು. ಐಫೋನಿನ ಡಿಸ್‌ಪ್ಲೇ ಪಿ3 ಬಣ್ಣದ ಪ್ರೊಫೈಲ್ (ಬಣ್ಣ ಹೇಗೆ ತೋರಿಸಬೇಕೆಂಬ ಸೂಚನೆ, ಇದೇ ಐಸಿಸಿ ಪ್ರೊಫೈಲ್) ಕೂಡ ಜೊತೆಗೇ ಹೋಯಿತು.

ಪರಿಹಾರ: ಅಳಿಸುವ ಆದೇಶದಲ್ಲೇ ಓರಿಯಂಟೇಶನ್, ಐಸಿಸಿ ಪ್ರೊಫೈಲ್ ಎರಡನ್ನು ಮಾತ್ರ ಅದೇ ಕಡತದಿಂದ ಮರಳಿ ನಕಲಿಸಿ. ಹೆಸರಿನ ಕೊನೆಗೆ ‘ಒರಿಜಿನಲ್’ ಎಂದಿರುವ, ಮಾಹಿತಿ ಅಳಿಸದ ಹಳೆಯ ಪ್ರತಿ ಪಕ್ಕದಲ್ಲೇ ಕೂತಿರುತ್ತದೆ, ಫೋಲ್ಡರ್ ಕಳಿಸುವ ಮುನ್ನ ಅದನ್ನು ತೆಗೆಯಿರಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಎಕ್ಸಿಫ್ ಉದುರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ.