ಸಮ್ಮಿಂಗ್ ಮಿಕ್ಸರ್ ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ

ಕಂಪ್ಯೂಟರ್‌ನಿಂದ ಬೇರೆ ಬೇರೆಯಾಗಿ ಬರುವ ಟ್ರ್ಯಾಕ್‌ಗಳನ್ನು ಹೊರಗೆ ಅನಲಾಗ್ ಸರ್ಕ್ಯೂಟ್‌ನಲ್ಲಿ ಕೂಡಿಸಿ ಒಂದು ಸ್ಟೀರಿಯೋ ಮಿಕ್ಸ್ ಮಾಡುವ ಪೆಟ್ಟಿಗೆಯೇ ಸಮ್ಮಿಂಗ್ ಮಿಕ್ಸರ್. ಸೋಲ್ಡರಿಂಗ್ ಐರನ್ ಆಮೇಲೆ ಬಿಸಿ ಮಾಡಿ, ಮೊದಲು ನಿಮ್ಮ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರ್‌ನ ಧ್ವನಿಯನ್ನು ಒಳಗೆ, ಹೊರಗೆ ಸಾಗಿಸುವ ಪೆಟ್ಟಿಗೆ) ಹಿಂದೆ ಎಷ್ಟು ಲೈನ್ ಔಟ್ ಇವೆ ಅಂತ ಎಣಿಸಿ. ಎಂಟೇ ಇದ್ದರೆ 32 ಚಾನೆಲ್ ಮಿಕ್ಸರ್ ಕಟ್ಟಿ ಏನು ಪ್ರಯೋಜನ? ಸ್ಪೀಕರ್‌ಗೆ ಹೋಗುವ ಎರಡು ಔಟ್ ಅದರಲ್ಲೇ ಕಳೆಯಬೇಕು, ಮಿಕ್ಸ್ ವಾಪಸ್ ರೆಕಾರ್ಡ್ ಮಾಡಲು ಎರಡು ಲೈನ್ ಇನ್ ಖಾಲಿ ಇರಬೇಕು. ಹೆಚ್ಚಿನವರಿಗೆ 16 ಚಾನೆಲ್ ಸಾಕು, ಡ್ರಮ್ಸ್, ಬೇಸ್, ಗಿಟಾರ್, ಹಾಡು ಅಂತ ಗುಂಪು ಮಾಡಿ ಕಳಿಸಿದರೆ ಎಂಟೂ ನಡೆಯುತ್ತೆ.

ಆಮೇಲಿನ ಪ್ರಶ್ನೆ ಪ್ಯಾಸಿವೋ (ಕರೆಂಟ್ ಬೇಡದ್ದು) ಆ್ಯಕ್ಟಿವೋ (ಕರೆಂಟ್ ಬೇಕಾದ್ದು) ಅನ್ನೋದು. ಮೊದಲ ಸಲ ಕಟ್ಟುವವರಿಗೆ ನಾನು ಪ್ಯಾಸಿವ್ ಅಂತಲೇ ಹೇಳುತ್ತೇನೆ. ಒಳಗಿರುವುದು ಬರೀ ರೆಸಿಸ್ಟರ್, ಪವರ್ ಸಪ್ಲೈ ಕಾಟ ಇಲ್ಲ. ಆದರೆ ಲೆವೆಲ್ ಬೀಳುತ್ತದೆ, ಅದನ್ನು ಮೇಲೆತ್ತಲು ಒಂದು ಒಳ್ಳೆಯ ಸ್ಟೀರಿಯೋ ಮೈಕ್ ಪ್ರಿಆ್ಯಂಪ್ ಬೇಕು. ಜನ ಹೊಗಳುವ 'ಅನಲಾಗ್ ಬಣ್ಣ' ಬರುವುದೂ ಈ ಪ್ರಿಆ್ಯಂಪ್‌ನಿಂದಲೇ, ರೆಸಿಸ್ಟರ್‌ನಿಂದ ಅಲ್ಲ.

ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕೋಣ. ಒಂದು ಬಸ್‌ಗೆ (ಎಲ್ಲ ಚಾನೆಲ್ ಬಂದು ಸೇರುವ ಲೈನ್‌ಗೆ) 16 ಚಾನೆಲ್, ಪ್ರತಿ ಲೆಗ್‌ಗೆ (ಬ್ಯಾಲೆನ್ಸ್ಡ್ ಲೈನ್‌ನ ಎರಡು ಸಿಗ್ನಲ್ ತಂತಿಗಳಾದ ಹಾಟ್, ಕೋಲ್ಡ್ ಒಂದೊಂದಕ್ಕೂ) 10 ಕಿಲೋ ಓಮ್ ರೆಸಿಸ್ಟರ್ ಅಂದುಕೊಳ್ಳಿ. ಪ್ರತಿ ಚಾನೆಲ್ ಹದಿನಾರನೇ ಒಂದು ಭಾಗ ಆಗುತ್ತದೆ, ಅಂದರೆ ಸುಮಾರು 24 ಡಿಬಿ ಕಡಿಮೆ. ಬಸ್‌ನ ಇಂಪೀಡೆನ್ಸ್ (ಸಿಗ್ನಲ್‌ಗೆ ಎದುರಾಗುವ ತಡೆ) ಲೆಗ್‌ಗೆ 625 ಓಮ್, ಬ್ಯಾಲೆನ್ಸ್ಡ್ ಆದ್ದರಿಂದ ಒಟ್ಟು 1,250 ಓಮ್. ಮೈಕ್ ಪ್ರಿಆ್ಯಂಪ್‌ಗೆ ಇದು ಸ್ವಲ್ಪ ಜಾಸ್ತಿಯೇ. ಹಾಟ್‌ಗೂ ಕೋಲ್ಡ್‌ಗೂ ನಡುವೆ 200 ಓಮ್ ರೆಸಿಸ್ಟರ್ ಹಾಕಿದರೆ ಅದು 170ರ ಆಸುಪಾಸಿಗೆ ಇಳಿಯುತ್ತದೆ, ಆದರೆ ಒಟ್ಟು ನಷ್ಟ 41 ಡಿಬಿ ಆಗುತ್ತದೆ. ನಿಮ್ಮ ಪ್ರಿಆ್ಯಂಪ್ ಅಷ್ಟು ಗೇನ್ ಕೊಟ್ಟೂ ತನ್ನದೇ ನಾಯ್ಸ್ ಸೇರಿಸದೆ ಇರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ರೆಸಿಸ್ಟರ್ 1% ಮೆಟಲ್ ಫಿಲ್ಮ್ ಇರಲಿ. ಲೆವೆಲ್‌ನಲ್ಲಿ 1% ವ್ಯತ್ಯಾಸ ಅಂದರೆ 0.1 ಡಿಬಿಯೂ ಇಲ್ಲ, ಯಾರ ಕಿವಿಗೂ ಬೀಳಲ್ಲ. ಆದರೆ ಒಂದೇ ಚಾನೆಲ್‌ನ ಹಾಟ್ ಮತ್ತು ಕೋಲ್ಡ್ ಸಮ ಇರದಿದ್ದರೆ ಹಮ್ (ಕರೆಂಟ್‌ನಿಂದ ಬರುವ ಗುಂಯ್ ಸದ್ದು) ಪೂರ್ತಿ ರದ್ದಾಗುವುದಿಲ್ಲ, ಹಾಗಾಗಿ ಮಲ್ಟಿಮೀಟರ್ ಹಿಡಿದು ಜೋಡಿ ಜೋಡಿಯಾಗಿ ಆರಿಸಿ.

ಈಗ ಎಲ್ಲರೂ ಮರೆಯುವ ವಿಷಯ. ಜ್ಯಾಕ್ ಖಾಲಿ ಬಿಟ್ಟರೆ ಆ ರೆಸಿಸ್ಟರ್ ಗಾಳಿಯಲ್ಲಿ ತೂಗುತ್ತದೆ, ಉಳಿದ ಚಾನೆಲ್‌ಗಳ ಲೆವೆಲ್ ಏರುತ್ತದೆ. ಆ ಚಾನೆಲ್ ಎಡಕ್ಕೂ ಬಲಕ್ಕೂ ಹೋಗುವ ಮೋನೋ ಚಾನೆಲ್ ಆಗಿದ್ದರೆ ಇನ್ನೂ ಫಜೀತಿ: ಎರಡು ರೆಸಿಸ್ಟರ್ ಸೇರುವ ಜಾಗದ ಮೂಲಕ ಎಡದ ಸಿಗ್ನಲ್ ಬಲಕ್ಕೆ ಸೋರುತ್ತದೆ. ಪ್ಲಗ್ ತೆಗೆದಾಗ ತಾನೇ ಗ್ರೌಂಡ್‌ಗೆ ಸೇರುವ ಸ್ವಿಚ್ ಇರುವ ಜ್ಯಾಕ್ ಹಾಕಿ. ಎಡ, ನಡು, ಬಲ ಸ್ವಿಚ್ ಹಾಕುವುದಾದರೂ ಇದೇ ನಿಯಮ, ರೆಸಿಸ್ಟರ್ ಬಸ್‌ನಲ್ಲೇ ಇರಲಿ, ಸಿಗ್ನಲ್‌ನಿಂದ ಬಿಡಿಸಿದ ಅದರ ಇನ್ನೊಂದು ತುದಿ ಗ್ರೌಂಡ್‌ಗೆ ಹೋಗಲಿ. ಪ್ರತಿ ಚಾನೆಲ್‌ಗೂ ಪ್ಯಾನ್ ನಾಬ್ ಬೇಕಾ? ಬೇಡ ಬಿಡಿ, ಪ್ಯಾನ್ ಕೆಲಸ ಕಂಪ್ಯೂಟರ್‌ನಲ್ಲೇ ಆಗುತ್ತೆ ಅಲ್ವಾ.

ಆ್ಯಕ್ಟಿವ್ ಬೇಕೇ ಬೇಕು ಅಂದರೆ ವರ್ಚುವಲ್ ಅರ್ಥ್ ಸರ್ಕ್ಯೂಟ್ ಹಿಡಿಯಿರಿ. ಬಸ್ ಬಹುತೇಕ ಶೂನ್ಯ ವೋಲ್ಟ್‌ನಲ್ಲೇ ನಿಲ್ಲುವುದರಿಂದ ಚಾನೆಲ್‌ಗಳು ಒಂದಕ್ಕೊಂದು ತಾಗುವುದಿಲ್ಲ. ಆದರೆ 16 ಚಾನೆಲ್‌ಗೆ ಆಪ್‌ಆ್ಯಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ತನ್ನ ಸ್ವಂತ ನಾಯ್ಸನ್ನು 17 ಪಟ್ಟು ಹಿಗ್ಗಿಸುತ್ತದೆ, ಅದಕ್ಕೇ ಟಿಎಲ್072 ಚಿಪ್ ಬದಲು ನಾಯ್ಸ್ ಕಡಿಮೆ ಇರುವ ಎನ್ಇ5532 ಹಾಕಿ. ಫೀಡ್‌ಬ್ಯಾಕ್ ರೆಸಿಸ್ಟರ್ (ಆಪ್‌ಆ್ಯಂಪ್‌ನ ಔಟ್‌ನಿಂದ ಇನ್‌ಗೆ ವಾಪಸ್ ಹೋಗುವುದು) ಮೇಲೆ 22ರಿಂದ 47 ಪಿಕೋಫ್ಯಾರಡ್ ಕೆಪಾಸಿಟರ್ ಇಲ್ಲದಿದ್ದರೆ ಉದ್ದ ಬಸ್ ವೈರ್‌ನಿಂದ ಆಸಿಲೇಷನ್ (ಸರ್ಕ್ಯೂಟ್ ತಾನೇ ಕೂಗುವುದು) ಶುರುವಾಗಬಹುದು. ಪ್ಲಸ್ ಮೈನಸ್ 15 ವೋಲ್ಟ್ ಲೀನಿಯರ್ ಸಪ್ಲೈ, ಪ್ರತಿ ಚಿಪ್‌ನ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇರಲಿ. ಮೇನ್ಸ್ ವೈರಿಂಗ್ ಗೊತ್ತಿಲ್ಲದಿದ್ದರೆ ಸುಮ್ನೆ ಸಾಹಸ ಬೇಡ, ಪೆಟ್ಟಿಗೆಯ ಹೊರಗೇ ಇರುವ ಎಸಿ ಅಡಾಪ್ಟರ್ ಬಳಸಿ.

ಕನೆಕ್ಟರ್‌ಗೆ 25 ಪಿನ್ನಿನ ಡಿ-ಸಬ್ ಒಳ್ಳೆಯದು, ಒಂದರಲ್ಲೇ ಎಂಟು ಬ್ಯಾಲೆನ್ಸ್ಡ್ ಚಾನೆಲ್ ಬರುತ್ತವೆ. ಟ್ಯಾಸ್ಕ್ಯಾಮ್ ಕಂಪನಿಯ ಪಿನ್ ಕ್ರಮ ಅನುಸರಿಸಿದರೆ ಸಿದ್ಧ ಕೇಬಲ್ ಸಿಗುತ್ತದೆ. ಡಿ-ಸಬ್‌ನಲ್ಲಿ ಜ್ಯಾಕ್ ಸ್ವಿಚ್ ಇರುವುದಿಲ್ಲ, ಆದ್ದರಿಂದ ಎಂಟೂ ಔಟ್ ಸಿಕ್ಕಿಸಿಯೇ ಇಡಿ. ಎಕ್ಸ್ಎಲ್ಆರ್ (ಮೂರು ಪಿನ್ನಿನ ಕನೆಕ್ಟರ್) ಔಟ್‌ನ ಒಂದನೇ ಪಿನ್ ನೇರ ಪೆಟ್ಟಿಗೆಯ ಲೋಹಕ್ಕೆ ಸೇರಲಿ.

ಪೂರ್ತಿ ಬೆಸೆಯುವ ಮುಂಚೆ ಎರಡೇ ಚಾನೆಲ್ ಕಟ್ಟಿ, 1 ಕಿಲೋಹರ್ಟ್ಜ್ ಟೋನ್ ಕಳಿಸಿ, ವಾಪಸ್ ಬಂದ ಲೆವೆಲ್ ನೋಡಿ. ಲೆಕ್ಕಕ್ಕೂ ಮೀಟರ್‌ಗೂ ಅರ್ಧ ಡಿಬಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಾರಣ ಸಿಗುವ ತನಕ ಮುಂದಿನ ಚಾನೆಲ್ ಮುಟ್ಟಬೇಡಿ.