ಮೈಸೂರಿನ ಚಿತ್ರಗಳನ್ನು ದುರ್ಬೀನಿನಲ್ಲಿ ನೋಡಿದ್ದು: ನನ್ನ ಅನುಭವ

"ಚಿತ್ರ ನೋಡೋಕೆ ದುರ್ಬೀನು ಯಾಕ್ರೀ, ಇದೇನು ರಂಗನತಿಟ್ಟಾ?" ಅಂತ ಗೆಳೆಯರು ಕೇಳುತ್ತಿದ್ದರು. ಈಗ ಅವರಲ್ಲೇ ಇಬ್ಬರು ನನ್ನದನ್ನು ಕಡ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೊಂಡದ್ದು 10×50, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿಲಿಮೀಟರ್ ಅಗಲ ಇರುವಂಥದ್ದು. ಹೆಚ್ಚುಕಡಿಮೆ ನಾಲ್ಕು ಸಾವಿರ ಹೋಯಿತು. ಮೈಸೂರಿನ ಗಡಿಯಾರ ಗೋಪುರ ದೊಡ್ಡ ಗಡಿಯಾರದ ಕನ್ನಡ ಅಂಕಿಗಳು ಅದರಲ್ಲಿ ಸೊಗಸಾಗಿ ಕಂಡವು. ಆದರೆ ಏಳೆಂಟು ಮೀಟರಿಗಿಂತ ಹತ್ತಿರದ್ದು ಫೋಕಸ್ ಆಗದು. ಕೋಣೆಯೊಳಗೆ ದಂಡ. ಅರ್ಧ ಬೆಲೆಗೆ ಮಾರಿದೆ. ಆಮೇಲೆ ಏಳ್ನೂರು ರೂಪಾಯಿಯ ಒಂಟಿಗಣ್ಣಿನ 8×20 ತಂದೆ. ಮಬ್ಬು ಬೆಳಕಿನಲ್ಲಿ ಎಲ್ಲ ಕಪ್ಪು. ಅದರ ದುಡ್ಡೂ ಹೋಯಿತು. ಕೊನೆಗೆ ಕೈಹಿಡಿದದ್ದು 6×18. ಏಳು ಸಾವಿರದ ಆಸುಪಾಸು. ಒಂದಡಿ ದೂರದ್ದೂ ಸ್ಪಷ್ಟವಾಗಿ ಕಾಣುತ್ತದೆ. ಜೇಬಿನಲ್ಲಿ ಹಿಡಿಸುತ್ತದೆ.

ಚಿತ್ರಶಾಲೆ ಇರುವ ಜಗನ್ಮೋಹನ ಅರಮನೆಯಲ್ಲಿ ಎಲ್ಲರೂ ನಿಲ್ಲುವುದು ದೀಪ ಹಿಡಿದ ಹೆಣ್ಣಿನ ಮುಂದೆ ತಾನೇ? ರವಿವರ್ಮನದು ಅಂತ ಈಗಲೂ ಹೇಳುವವರಿದ್ದಾರೆ. ಬರೆದವರು ಎಸ್.ಎಲ್. ಹಲ್ದಣಕರ್. ಅದು ಜಲವರ್ಣ. ಬರಿಗಣ್ಣಿಗೆ ಬೆಳಕೊಂದೇ ಕಾಣುತ್ತದೆ. ದುರ್ಬೀನು ಹಿಡಿದರೆ ಕಣ್ಣು ದೀಪ ಬಿಟ್ಟು ಬೆರಳಿಗೆ ಹೋಗುತ್ತದೆ. ಅಂಚಿನ ಕೆಂಪು, ಸಂದಿಯಿಂದ ಸೋರುವ ಹಳದಿ, ಅಲ್ಲಿಂದ ಸೀರೆಯ ಮೇಲೆ ಬೀಳುವ ಕಾಂತಿ. ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹುಡುಕುತ್ತಾ ಕಾಲು ನೋಯುವವರೆಗೆ ನಿಂತಿದ್ದೇನೆ. ಸಿಗಲಿಲ್ಲ. ಜಲವರ್ಣ ಹಾಕಿ ನೋಡಿದವರಿಗೆ ಅದರ ಕಷ್ಟ ಗೊತ್ತು.

ಅಲ್ಲೇ ಅಕ್ಕಿಕಾಳಿನ ಮೇಲೆ ಬರೆದ ಚಿತ್ರಗಳಿವೆ. ದುರ್ಬೀನನ್ನು ತಿರುವುಮುರುವು ಹಿಡಿದರೆ ಭೂತಗನ್ನಡಿ ಆಗುತ್ತದಲ್ವಾ, ಅದನ್ನೂ ಮಾಡಿದೆ. ಗಾಜಿನ ಪೆಟ್ಟಿಗೆ ಅಡ್ಡ ಬಂದು ಕೆಲಸಕ್ಕೆ ಬರಲಿಲ್ಲ. ನೇರವಾಗಿ ಹಿಡಿದದ್ದೇ ಮೇಲು.

ಮೈಸೂರು ಶೈಲಿಯ ಚಿತ್ರಗಳಿಗೆ ಎದುರು ನಿಲ್ಲಬೇಡಿ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಚಿನ್ನದ ಹಾಳೆಯ ಕೆಳಗಿನ ಉಬ್ಬು ಕೆಲಸದ ನೆರಳು ಆಗ ಎದ್ದು ಕಾಣುತ್ತದೆ. ಯಾವ ಹೊತ್ತಿಗೆ, ಯಾವ ಕಿಟಕಿ ಹತ್ತಿರ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ಗಳಿಕೆ.

ಇನ್ನು ದೊಡ್ಡ ಅರಮನೆ. 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕೈಯಲ್ಲಿ ಕಟ್ಟಿಸಿದ್ದು, 1912ಕ್ಕೆ ಮುಗಿದದ್ದು. ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಾವಣಿಯನ್ನು ಜನ ಕತ್ತೆತ್ತಿ ಒಂದು ನಿಮಿಷ ನೋಡಿ ಮುಂದೆ ಹೋಗುತ್ತಾರೆ. ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣ. ದುರ್ಬೀನಿನಲ್ಲಿ ಗರಿಯ ಒಂದೊಂದು ಗಾಜಿನ ತುಂಡೂ ಬೇರೆ ಬೇರೆಯಾಗಿ ಕಾಣುತ್ತದೆ. ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳಿಗಂತೂ ಅರ್ಧ ದಿನ ಬೇಕು. ಆನೆ, ಅಂಬಾರಿ ಬಿಡಿ. ಹಿಂದಿನ ಸಾಲಿನ ಮುಖಗಳನ್ನು ನೋಡಿ, ಒಬ್ಬರಂತೆ ಇನ್ನೊಬ್ಬರಿಲ್ಲ.

ಒಂದು ಕಡೆ ಕಾವಲುಗಾರರು ಕ್ಯಾಮೆರಾ ಅಂತ ತಡೆದರು. ಅವರ ಕೈಗೇ ಕೊಟ್ಟು ನೋಡಿಸಿದೆ. ಆಮೇಲೆ ಅವರೇ ಒಳಗೆ ಕರೆದೊಯ್ದು ಮೂಲೆಯ ಚಿತ್ರ ತೋರಿಸಿದರು.

ಕೊಳ್ಳುವವರು ಅಂಗಡಿಯಲ್ಲೇ ನಿಮ್ಮ ಅಂಗೈಯನ್ನು ಹತ್ತಿರ ಹಿಡಿದು ಗೆರೆಗಳನ್ನು ದುರ್ಬೀನಿನಲ್ಲಿ ನೋಡಿ. ಮಬ್ಬಾದರೆ ವಾಪಸ್ ಕೊಡಿ. ದೂರದ ಬೋರ್ಡು ತೋರಿಸಿ ಮಾರುವವರೇ ಜಾಸ್ತಿ.